ಮೇಜಿನ ಮೇಲಿನ ಯುದ್ಧ, ಮಾತಿನೊಳಗಿನ ಸಾಹಸ: ವಾರ್ ಗೇಮ್ ಮತ್ತು ಆರ್‌ಪಿಜಿ ಆರಿಸಿ ಆಡಲು ಸಮಗ್ರ ಮಾರ್ಗದರ್ಶಿ

ನಕ್ಷೆ ಹರಡಿ, ಕಾಯಿ ನಡೆಸಿ, ದಾಳ ಉರುಳಿಸಿ ಕದನವನ್ನು ಆಡುವ ವಾರ್ ಗೇಮ್‌ಗಳೂ, ಒಬ್ಬರು ಕಥೆಯ ಲೋಕವನ್ನು ಕಟ್ಟಿಕೊಟ್ಟು ಉಳಿದವರು ಅದರೊಳಗಿನ ಪಾತ್ರಗಳಾಗಿ ಮಾತಿನಲ್ಲೇ ಸಾಹಸ ನಡೆಸುವ ರೋಲ್ ಪ್ಲೇಯಿಂಗ್ ಆಟಗಳೂ, ಅಂದರೆ ಆರ್‌ಪಿಜಿಗಳೂ, ಹೊರನೋಟಕ್ಕೆ ಬೇರೆ ಬೇರೆ ಹವ್ಯಾಸಗಳಂತೆ ಕಂಡರೂ ಒಂದೇ ಮನೆತನಕ್ಕೆ ಸೇರಿದವು. ಪ್ರಷ್ಯಾದ ಸೇನಾಧಿಕಾರಿ ರೈಸ್ವಿಟ್ಸ್ 1824ರಲ್ಲಿ ರೂಪಿಸಿದ ಕ್ರೀಗ್ಸ್‌ಶ್ಪೀಲ್ ಎಂಬ ಆಟದಲ್ಲಿ ಎರಡೂ ಪಕ್ಷಗಳ ಆಜ್ಞೆಗಳನ್ನು ಪಡೆದುಕೊಂಡು, ಯಾವ ದಳಕ್ಕೆ ಏನು ಕಾಣಿಸುತ್ತದೆ, ಕಾದಾಟದ ಫಲವೇನು ಎಂದು ತೀರ್ಮಾನಿಸುವ ಒಬ್ಬ ನಿರ್ಣಾಯಕನಿದ್ದ. 1969ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಡೇವಿಡ್ ವೆಸ್ಲಿ ನಡೆಸಿದ ಬ್ರೌನ್‌ಸ್ಟೈನ್ ಆಟದಲ್ಲಿ ಆಟಗಾರರ ಕೈಗೆ ಸೈನ್ಯದ ಬದಲು ಒಬ್ಬೊಬ್ಬ ವ್ಯಕ್ತಿಯ ಪಾತ್ರ ಬಂತು. ಆ ಬಳಗದಲ್ಲಿದ್ದ ಡೇವ್ ಆರ್ನೆಸನ್ ಮತ್ತು ವಿಸ್ಕಾನ್ಸಿನ್‌ನ ಗ್ಯಾರಿ ಗೈಗ್ಯಾಕ್ಸ್ ಸೇರಿ 1974ರಲ್ಲಿ ಹೊರತಂದದ್ದೇ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಎಂಬ ಆರ್‌ಪಿಜಿ. ಆರ್‌ಪಿಜಿಯಲ್ಲಿ ಕಥೆಯ ಲೋಕವನ್ನು ಕಟ್ಟಿಕೊಡುವ ಇಂದಿನ ಗೇಮ್ ಮಾಸ್ಟರ್ ಎಂದರೆ ಪ್ರಷ್ಯಾದ ಆ ನಿರ್ಣಾಯಕನ ವಂಶಸ್ಥನೇ.

ಹೊಸದಾಗಿ ಈ ಕಡೆಗೆ ಒಲಿದವರು ಮೊದಲು ಕೇಳುವುದು ಎಲ್ಲಕ್ಕಿಂತ ಒಳ್ಳೆಯ ಆಟ ಯಾವುದು ಎಂದು. ಆ ಪ್ರಶ್ನೆಯಿಂದ ಹೊರಟವರ ಕಪಾಟಿನಲ್ಲಿ ಸಾಮಾನ್ಯವಾಗಿ ಪ್ಲಾಸ್ಟಿಕ್ ಹೊದಿಕೆ ಕೂಡ ಬಿಚ್ಚದ ಡಬ್ಬಗಳು ತುಂಬಿರುತ್ತವೆ. ನಿಮ್ಮ ಮೇಜಿನ ಸುತ್ತ ಯಾರು ಕೂರುತ್ತಾರೆ, ಎಷ್ಟು ಹೊತ್ತು ಕೂರುತ್ತಾರೆ, ಮುಂದಿನ ವಾರ ಮತ್ತೆ ಬರುತ್ತಾರೆಯೇ ಎಂಬುದನ್ನು ಮೊದಲು ತಿಳಿದುಕೊಂಡು, ಆ ಜನಕ್ಕೆ ತಕ್ಕ ಆಟವನ್ನು ಹುಡುಕಿ, ಉಚಿತವಾಗಿ ಸಿಗುವುದನ್ನು ಆಡಿ ನೋಡಿ, ಕೊನೆಯಲ್ಲಿ ಹಣ ಬಿಚ್ಚುವುದು ನಾನು ಸೂಚಿಸುವ ಕ್ರಮ.

ಮೊದಲ ಹೆಜ್ಜೆ: ಜನ ಮತ್ತು ಸಮಯದ ಲೆಕ್ಕ

ನಿಮ್ಮೊಂದಿಗೆ ಖಚಿತವಾಗಿ ಕೂರುವವರು ಒಬ್ಬರೇ ಆಗಿದ್ದರೆ ವಾರ್ ಗೇಮ್ ಕಡೆಗೆ ಹೋಗಿ, ಏಕೆಂದರೆ ಈ ವರ್ಗದ ಬಹುಪಾಲು ಆಟಗಳು ಇಬ್ಬರಿಗಾಗಿಯೇ ರಚನೆಯಾದವು. ಮೂವರಿಂದ ಐವರು ಸಿಗುವುದಾದರೆ ಆರ್‌ಪಿಜಿ ಸೊಗಸಾಗಿ ನಡೆಯುತ್ತದೆ. ಆರು ಮಂದಿಗಿಂತ ಹೆಚ್ಚಾದರೆ ಪ್ರತಿಯೊಬ್ಬರ ಸರದಿಗೂ ಕಾಯುವುದೇ ಆಟವಾಗಿಬಿಡುತ್ತದೆ, ಆದ್ದರಿಂದ ಗುಂಪನ್ನು ಎರಡಾಗಿ ಒಡೆಯುವುದು ಲೇಸು. ಯಾರೂ ಇಲ್ಲದವರೂ ನಿರಾಶರಾಗಬೇಕಿಲ್ಲ. ಶಾನ್ ಟಾಮ್‌ಕಿನ್ ರಚಿಸಿ 2018ರಲ್ಲಿ ಹೊರತಂದ ಐರನ್‌ಸ್ವೋರ್ನ್ ಎಂಬ ಆರ್‌ಪಿಜಿಯನ್ನು ಗೇಮ್ ಮಾಸ್ಟರ್ ಇಲ್ಲದೆ ಒಬ್ಬರೇ ಕುಳಿತು ಆಡಬಹುದು, ಅದರ ಪುಸ್ತಕದ ಪಿಡಿಎಫ್ ಪ್ರತಿಯೂ ಉಚಿತ.

ಸಮಯದ ವಿಷಯದಲ್ಲಿ ಡಬ್ಬದ ಮೇಲೆ ಮುದ್ರಿಸಿದ ಅವಧಿಯನ್ನು ನಂಬಬೇಡಿ. ಅದು ನಿಯಮ ಬಲ್ಲ ಇಬ್ಬರು ಚುರುಕಾಗಿ ಆಡಿದಾಗ ಹಿಡಿಯುವ ಹೊತ್ತು. ಮೊದಲ ಸಲ ಆಡುವಾಗ, ಕಾಯಿ ಜೋಡಿಸಿ ನಿಯಮ ವಿವರಿಸುವುದೂ ಸೇರಿ, ಅದರ ದುಪ್ಪಟ್ಟು ಸಮಯವನ್ನು ಇಟ್ಟುಕೊಳ್ಳಿ.

ಎರಡನೆಯ ಹೆಜ್ಜೆ: ಮೊದಲ ವಾರ್ ಗೇಮ್

ಮೊದಲ ಆಟವಾಗಿ ನಾನು ಎರಡನೆಯ ಮಾತಿಲ್ಲದೆ ಹೇಳುವುದು ಮೆಮೊಯರ್ '44. ರಿಚರ್ಡ್ ಬೋರ್ಗ್ ರಚಿಸಿದ ಈ ಆಟವನ್ನು ಡೇಸ್ ಆಫ್ ವಂಡರ್ ಸಂಸ್ಥೆ 2004ರಲ್ಲಿ, ಎರಡನೆಯ ಮಹಾಯುದ್ಧದ ನಾರ್ಮಂಡಿ ದಾಳಿಯ ಅರವತ್ತನೆಯ ವರ್ಷಕ್ಕೆ ಸರಿಯಾಗಿ ಹೊರತಂದಿತು. ಆರು ಮೂಲೆಯ ಮನೆಗಳುಳ್ಳ ಮಣೆ, ಕಾಡು, ಬೆಟ್ಟ, ಊರುಗಳ ಬಿಲ್ಲೆಗಳು, ಪ್ಲಾಸ್ಟಿಕ್ಕಿನ ಸೈನಿಕರು, ಟ್ಯಾಂಕ್‌ಗಳು, ಫಿರಂಗಿಗಳು, ಒಂದಷ್ಟು ಆಜ್ಞಾ ಕಾರ್ಡ್‌ಗಳು ಇದರ ಸಾಮಗ್ರಿ. ಮಣೆಯನ್ನು ಎಡ, ನಡು, ಬಲ ಎಂದು ಮೂರು ಭಾಗ ಮಾಡಲಾಗಿದ್ದು, ನಿಮ್ಮ ಕೈಯಲ್ಲಿರುವ ಕಾರ್ಡ್ ಯಾವ ಭಾಗದ ಎಷ್ಟು ದಳಗಳಿಗೆ ಅಪ್ಪಣೆ ಕೊಡುತ್ತದೆಯೋ ಅಷ್ಟನ್ನು ಮಾತ್ರ ಆ ಸರದಿಯಲ್ಲಿ ನಡೆಸಬಹುದು. ಬಲಪಕ್ಕದಲ್ಲಿ ಶತ್ರು ಒಳನುಗ್ಗುತ್ತಿರುವಾಗ ಕೈಯಲ್ಲಿ ಎಡಪಕ್ಕದ ಕಾರ್ಡ್‌ಗಳೇ ಇರುವ ಸಂಕಟ ಇಲ್ಲಿ ಸಾಮಾನ್ಯ. ಇದು ಬರೀ ಅದೃಷ್ಟದ ಆಟ ಎಂದು ಮೂಗು ಮುರಿಯುವವರಿದ್ದಾರೆ. ಆದರೆ ಆಜ್ಞೆ ಸಮಯಕ್ಕೆ ತಲುಪದಿರುವುದೂ ಯುದ್ಧದ ಒಂದು ಭಾಗವೇ ಆಗಿರುವುದರಿಂದ ಆ ಆಕ್ಷೇಪ ನನಗೆ ಪೂರ್ತಿ ಒಪ್ಪಿಗೆಯಿಲ್ಲ.

ಈ ಆಟದಲ್ಲಿ ಯೋಚನೆಗೆ ಎಷ್ಟು ಜಾಗವಿದೆ ಎಂಬುದನ್ನು ಒಂದು ಸರದಿಯನ್ನು ಹತ್ತಿರದಿಂದ ನೋಡಿದರೆ ತಿಳಿಯುತ್ತದೆ. ಆರು ಮುಖದ ದಾಳದಲ್ಲಿ ಎರಡು ಮುಖ ಕಾಲಾಳು, ಒಂದು ಟ್ಯಾಂಕ್, ಒಂದು ಗ್ರೆನೇಡ್, ಒಂದು ನಕ್ಷತ್ರ, ಒಂದು ಧ್ವಜ. ಕಾಲಾಳುಗಳ ಮೇಲೆ ಗುಂಡು ಹಾರಿಸುವಾಗ ಕಾಲಾಳು ಮುಖ ಅಥವಾ ಗ್ರೆನೇಡ್ ಬಿದ್ದರೆ ಒಬ್ಬ ಸೈನಿಕ ಹೋದ, ಅಂದರೆ ಒಂದು ದಾಳದ ಯಶಸ್ಸು ಆರರಲ್ಲಿ ಮೂರು, ಸರಿಯಾಗಿ ಅರ್ಧ. ಧ್ವಜ ಬಿದ್ದರೆ ಆ ದಳ ಒಂದು ಮನೆ ಹಿಂದೆ ಸರಿಯಬೇಕು. ಕಾಲಾಳು ದಳಕ್ಕೆ ಪಕ್ಕದ ಮನೆಯ ಮೇಲೆ ಮೂರು ದಾಳ, ಎರಡು ಮನೆ ದೂರಕ್ಕೆ ಎರಡು, ಮೂರು ಮನೆ ದೂರಕ್ಕೆ ಒಂದು. ಟ್ಯಾಂಕಿಗೆ ಮೂರು ಮನೆಯ ತನಕವೂ ಮೂರೇ ದಾಳ. ಈಗ ಶತ್ರುವಿನ ಕಾಲಾಳು ಕಾಡಿನೊಳಗೆ ಅಡಗಿದ್ದಾರೆ ಎಂದಿಟ್ಟುಕೊಳ್ಳಿ. ಕಾಡಿನ ಮೇಲೆ ದಾಳಿ ಮಾಡುವ ಕಾಲಾಳಿಗೆ ಒಂದು ದಾಳ ಕಡಿಮೆ, ಟ್ಯಾಂಕಿಗೆ ಎರಡು ಕಡಿಮೆ. ಎರಡು ಮನೆ ದೂರದಲ್ಲಿ ನಿಂತ ನಿಮ್ಮ ಕಾಲಾಳು ಅಲ್ಲಿಂದಲೇ ಹಾರಿಸಿದರೆ ಉಳಿಯುವುದು ಒಂದೇ ದಾಳ, ಸಫಲವಾಗುವ ಸಾಧ್ಯತೆ ನೂರಕ್ಕೆ 50. ಒಂದು ಮನೆ ಮುಂದೆ ಹೋಗಿ ಪಕ್ಕಕ್ಕೆ ನಿಂತು ಹಾರಿಸಿದರೆ ಎರಡು ದಾಳ, ಕನಿಷ್ಠ ಒಬ್ಬ ಬೀಳುವ ಸಾಧ್ಯತೆ ನೂರಕ್ಕೆ 75. ಆದರೆ ಮುಂದಿನ ಸರದಿಯಲ್ಲಿ ಅವರು, ನೀವು ಬಯಲಿನಲ್ಲಿರುವುದರಿಂದ, ನಿಮ್ಮ ಮೇಲೆ ಮೂರು ದಾಳ ಪೂರ್ತಿ ಉರುಳಿಸುತ್ತಾರೆ. ಬಯಲಿನಲ್ಲಿ ಎಂಟಕ್ಕೆ ಏಳು ಸಲ ಪೆಟ್ಟು ಕೊಡುವ ಟ್ಯಾಂಕ್ ಕಾಡಿನೆದುರು ಒಂದು ದಾಳಕ್ಕೆ ಇಳಿಯುತ್ತದೆ. ಕಾಡಿಗೆ ಕಾಲಾಳನ್ನೂ ಬಯಲಿಗೆ ಟ್ಯಾಂಕನ್ನೂ ಕಳಿಸಬೇಕೆಂಬ ಪಾಠವನ್ನು ನಿಯಮ ಪುಸ್ತಕ ಎಲ್ಲೂ ಬರೆದು ಹೇಳುವುದಿಲ್ಲ, ದಾಳಗಳೇ ಕಲಿಸುತ್ತವೆ.

ನಿಯಮ ಓದುವುದಕ್ಕೂ ಒಂದು ಕ್ರಮವಿದೆ. ಪುಸ್ತಕವನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿ ಮುಗಿಸಲು ಹೋಗದೆ, ಒಂದು ಸರದಿಯಲ್ಲಿ ಯಾವುದಾದ ಮೇಲೆ ಯಾವುದು ಎಂಬ ಭಾಗವನ್ನಷ್ಟೇ ಓದಿ, ಮಣೆ ಹಾಸಿ, ಎರಡೂ ಪಕ್ಷವನ್ನು ನೀವೇ ಹಿಡಿದು ಕೆಲವು ಸರದಿ ಆಡಿ. ಅನುಮಾನ ಬಂದಾಗ ಆಯಾ ಪುಟ ತೆರೆಯಿರಿ. ಆಮೇಲೆ ಕನ್ನಡದಲ್ಲಿ ಒಂದೇ ಹಾಳೆಯ ಸಾರಾಂಶ ಬರೆದುಕೊಳ್ಳಿ: ಯಾವ ದಳ ಎಷ್ಟು ನಡೆಯುತ್ತದೆ, ಎಷ್ಟು ದಾಳ, ಯಾವ ನೆಲಕ್ಕೆ ಎಷ್ಟು ಕಡಿತ. ಮನೆಯ ಹಿರಿಯರೊಂದಿಗೋ ಇಂಗ್ಲಿಷ್ ಓದಲು ಬೇಸರಪಡುವ ಗೆಳೆಯರೊಂದಿಗೋ ಆಡುವಾಗ ಆ ಹಾಳೆ ಅರ್ಧ ಗಂಟೆಯ ವಿವರಣೆಯನ್ನು ಉಳಿಸುತ್ತದೆ.

ಮೆಮೊಯರ್ ಬೇಡವೆನ್ನುವವರಿಗೆ ಅದೇ ಮಟ್ಟದ ಇನ್ನೊಂದು ಆಯ್ಕೆ ಅನ್‌ಡಾಂಟೆಡ್: ನಾರ್ಮಂಡಿ. ಟ್ರೆವರ್ ಬೆಂಜಮಿನ್ ಮತ್ತು ಡೇವಿಡ್ ಥಾಮ್ಸನ್ ರಚಿಸಿದ ಇದು 2019ರಲ್ಲಿ ಆಸ್ಪ್ರೆ ಗೇಮ್ಸ್‌ನಿಂದ ಬಂತು. ಇಲ್ಲಿ ಪ್ರತಿ ಕಾರ್ಡೂ ಒಬ್ಬ ಸೈನಿಕ. ನಾಲ್ಕು ಕಾರ್ಡ್ ಎತ್ತಿಕೊಂಡು, ಒಂದನ್ನು ಯಾರು ಮೊದಲು ಆಡಬೇಕೆಂಬ ಪೈಪೋಟಿಗೆ ಇಟ್ಟು, ಉಳಿದ ಮೂರರಿಂದ ದಳಗಳನ್ನು ನಡೆಸುತ್ತೀರಿ. ಗುಂಡು ತಗುಲಿದಾಗ ಆ ದಳದ ಒಂದು ಕಾರ್ಡ್ ಆಟದಿಂದಲೇ ಹೊರಹೋಗುವುದರಿಂದ, ಪೆಟ್ಟು ತಿಂದ ದಳಕ್ಕೆ ಮುಂದೆ ಆಜ್ಞೆ ಕೊಡುವುದೇ ದುರ್ಲಭವಾಗುತ್ತದೆ. ಸೈನ್ಯ ಸೊರಗುವುದನ್ನು ಇಷ್ಟು ಸರಳವಾಗಿ ತೋರಿಸಿದ ಆಟಗಳು ಕಡಿಮೆ. ಹನ್ನೆರಡು ಸನ್ನಿವೇಶಗಳು ಒಂದರ ಹಿಂದೆ ಒಂದು ಬರುವುದರಿಂದ, ಒಬ್ಬರೇ ಜೊತೆಗಾರರೊಂದಿಗೆ ಪ್ರತಿ ವಾರ ಕೂರುವವರಿಗೆ ಇದೇ ಹೆಚ್ಚು ಹಿಡಿಸೀತು.

ಮೂರನೆಯ ಹೆಜ್ಜೆ: ಅಲ್ಲಿಂದ ಮೇಲಕ್ಕೆ

ಮೊದಲ ಆಟ ಕೈಗೆ ಹತ್ತಿದ ಮೇಲೆ ದಾರಿ ಮೂರು ಕಡೆಗೆ ಒಡೆಯುತ್ತದೆ. ಪ್ರಾಚೀನ ಕಾಲದ ಯುದ್ಧ, ಆನೆ, ಕುದುರೆಗಳ ಆಸೆಯಿದ್ದವರು ಅದೇ ರಿಚರ್ಡ್ ಬೋರ್ಗ್ ಅವರ ಕಮಾಂಡ್ಸ್ ಆ್ಯಂಡ್ ಕಲರ್ಸ್: ಏನ್ಷಿಯಂಟ್ಸ್ ತೆಗೆದುಕೊಳ್ಳಬಹುದು. ಜಿಎಂಟಿ ಗೇಮ್ಸ್ 2006ರಲ್ಲಿ ಪ್ರಕಟಿಸಿದ ಇದರಲ್ಲಿ ಪ್ಲಾಸ್ಟಿಕ್ ಸೈನಿಕರ ಬದಲು ಸ್ಟಿಕ್ಕರ್ ಅಂಟಿಸಿದ ಮರದ ಬಿಲ್ಲೆಗಳಿವೆ. ಮೊದಲ ದಿನ ನೂರಾರು ಸ್ಟಿಕ್ಕರ್ ಅಂಟಿಸುವ ಕೆಲಸವೊಂದಿದೆ, ಮಕ್ಕಳನ್ನು ಕೂರಿಸಿಕೊಂಡರೆ ಅದೂ ಆಟವೇ.

ಎರಡನೆಯ ದಾರಿ ಕಾರ್ಡ್‌ಗಳಿಂದ ನಡೆಯುವ ಇತಿಹಾಸದ ಆಟಗಳದ್ದು. ಇಲ್ಲಿ ಟ್ವೈಲೈಟ್ ಸ್ಟ್ರಗಲ್ ಅನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಅನಂದಾ ಗುಪ್ತಾ ಮತ್ತು ಜೇಸನ್ ಮ್ಯಾಥ್ಯೂಸ್ ರಚಿಸಿದ ಈ ಆಟ 2005ರದ್ದು, ವಿಷಯ ಅಮೆರಿಕ ಮತ್ತು ಸೋವಿಯತ್ ಒಕ್ಕೂಟದ ಶೀತಲ ಸಮರ. ನಿಮ್ಮ ಕೈಗೆ ಬರುವ ಕಾರ್ಡ್‌ಗಳಲ್ಲಿ ಎದುರಾಳಿಗೆ ಅನುಕೂಲವಾದ ಘಟನೆಗಳೂ ಇರುತ್ತವೆ. ಅಂಥ ಕಾರ್ಡಿನ ಅಂಕಗಳನ್ನು ನೀವು ಬಳಸಿಕೊಂಡರೂ ಅದರ ಘಟನೆ ಅವರ ಪರವಾಗಿ ನಡೆದೇ ತೀರುತ್ತದೆ. ಆದ್ದರಿಂದ ಇದು ಒಳ್ಳೆಯ ಎಲೆಗಳನ್ನು ಗೆಲ್ಲಿಸುವುದಕ್ಕಿಂತ ಕೆಟ್ಟ ಎಲೆಗಳನ್ನು ಕಡಿಮೆ ಹಾನಿಯಾಗುವ ಗಳಿಗೆಯಲ್ಲಿ ಇಳಿಸುವ ಆಟ. ಜೊತೆಗೆ ಅಣುಯುದ್ಧದ ಅಪಾಯವನ್ನು ತೋರಿಸುವ ಡೆಫ್‌ಕಾನ್ ಎಂಬ ಮಾಪಕ ಐದರಿಂದ ಒಂದಕ್ಕೆ ಇಳಿದರೆ, ಆಗ ಯಾರ ಸರದಿ ನಡೆಯುತ್ತಿದೆಯೋ ಅವರು ಅಲ್ಲೇ ಸೋಲುತ್ತಾರೆ. ಎದುರಾಳಿಯ ಘಟನೆಯೊಂದು ನಿಮ್ಮ ಸರದಿಯಲ್ಲೇ ಆ ಮಾಪಕವನ್ನು ಇಳಿಸಿ ನಿಮ್ಮನ್ನು ಕೆಡವಬಹುದು. ಹೊಸಬರಿಗೆ ಕಲಿಸುವವರು ಇದನ್ನು ಮೊದಲೇ ಹೇಳಬೇಕು, ಆಟದ ಮೂರನೆಯ ಗಂಟೆಯಲ್ಲಿ ಹೇಳಿದರೆ ಗೆಳೆತನ ಉಳಿಯುವುದು ಕಷ್ಟ. ಆರಂಭದಲ್ಲಿ ಸೋವಿಯತ್ ಪಕ್ಷಕ್ಕೆ ಬಲ ಹೆಚ್ಚು, ಕೊನೆಯ ಸುತ್ತುಗಳಲ್ಲಿ ಅಮೆರಿಕಕ್ಕೆ. ಹಾಗಾಗಿ ಅನುಭವಿಗಳು ಅಮೆರಿಕವನ್ನು ಹಿಡಿದು, ಹೊಸಬರಿಗೆ ಸೋವಿಯತ್ ಬಿಟ್ಟುಕೊಡುವುದು ನ್ಯಾಯ. ಭಾರತ ಪಾಕಿಸ್ತಾನ ಯುದ್ಧದ ಹೆಸರಿನ ಕಾರ್ಡೂ ಇದರಲ್ಲಿದೆ.

ಮೂರನೆಯದು ಹಲವು ಪಕ್ಷಗಳ, ಪಕ್ಷಕ್ಕೊಂದು ಬಗೆಯ ನಿಯಮವಿರುವ ಆಟಗಳ ದಾರಿ. ನಮ್ಮ ಆಡುಹುಲಿ ಆಟದಲ್ಲಿ ಹುಲಿ ಹಾರಿ ಕೊಲ್ಲುತ್ತದೆ, ಆಡುಗಳು ಸುತ್ತುಗಟ್ಟಿ ಕಟ್ಟಿಹಾಕುತ್ತವೆ. ಎರಡೂ ಕಡೆಯವರು ಗೆಲ್ಲುವ ಬಗೆಯೇ ಬೇರೆ. ವೋಲ್ಕೊ ರೂಂಕೆ 2012ರಲ್ಲಿ ಆ್ಯಂಡಿಯನ್ ಅಬಿಸ್ ಮೂಲಕ ಆರಂಭಿಸಿದ, ಬಂಡಾಯ ಮತ್ತು ಅದರ ದಮನವನ್ನು ಆಡಿಸುವ ಕಾಯಿನ್ ಸರಣಿಯ ಆಟಗಳು ಇದೇ ತತ್ತ್ವವನ್ನು ನಾಲ್ಕು ಪಕ್ಷಗಳಿಗೆ ವಿಸ್ತರಿಸಿವೆ. ಆ ಸರಣಿಯಲ್ಲಿ ಬ್ರೂಸ್ ಮ್ಯಾನ್ಸ್‌ಫೀಲ್ಡ್ ರಚಿಸಿದ ಗಾಂಧಿ ಎಂಬ ಆಟ 2019ರಲ್ಲಿ ಬಂತು. 1917ರಿಂದ 1947ರವರೆಗಿನ ಭಾರತವೇ ಅದರ ರಂಗ. ಬ್ರಿಟಿಷ್ ಆಡಳಿತ, ಕಾಂಗ್ರೆಸ್, ಮುಸ್ಲಿಂ ಲೀಗ್, ಕ್ರಾಂತಿಕಾರಿಗಳು ಎಂಬ ನಾಲ್ಕು ಪಕ್ಷಗಳಲ್ಲಿ ಎರಡು ಆಯುಧವನ್ನೇ ಹಿಡಿಯದವು. ವಾರ್ ಗೇಮ್ ಎಂಬ ಹೆಸರಿನೊಳಗೆ ಅಹಿಂಸಾ ಚಳವಳಿಗೂ ನಿಯಮಗಳನ್ನು ಹೆಣೆದಿರುವುದು ಕುತೂಹಲದ ಸಂಗತಿ. ನಿಯಮಗಳು ದಟ್ಟವಾಗಿವೆ, ಒಂದು ಇಡೀ ಮಧ್ಯಾಹ್ನ ಬೇಕು, ಮೊದಲ ವರ್ಷ ಇದಕ್ಕೆ ಕೈಹಾಕಬೇಡಿ.

ಸಣ್ಣ ಚೌಕಾಕಾರದ ರಟ್ಟಿನ ಬಿಲ್ಲೆಗಳನ್ನು, ಅಂದರೆ ಕೌಂಟರ್‌ಗಳನ್ನು, ರಾಶಿ ಹಾಕಿ ಆಡುವ ಹಳೆಯ ಶೈಲಿಯ ಬೃಹತ್ ಆಟಗಳ ಬಗ್ಗೆ ಇಲ್ಲಿ ಹೆಚ್ಚು ಹೇಳುವುದಿಲ್ಲ. 1977ರ ಸ್ಕ್ವಾಡ್ ಲೀಡರ್‌ನಿಂದ ಬೆಳೆದು 1985ರಲ್ಲಿ ಬಂದ ಅಡ್ವಾನ್ಸ್ಡ್ ಸ್ಕ್ವಾಡ್ ಲೀಡರ್‌ನಂಥವು ತಮ್ಮಷ್ಟಕ್ಕೇ ಒಂದು ಹವ್ಯಾಸ. ಬೇಕೆನಿಸುವವರು ಹೇಗಿದ್ದರೂ ಅಲ್ಲಿಗೆ ತಲುಪುತ್ತಾರೆ.

ನಾಲ್ಕನೆಯ ಹೆಜ್ಜೆ: ಮಿನಿಯೇಚರ್ ಆಟಗಳು, ಅವಸರವಿಲ್ಲದೆ

ಗೇಮ್ಸ್ ವರ್ಕ್‌ಶಾಪ್ 1987ರಲ್ಲಿ ಹೊರತಂದ, ಪುಟ್ಟ ಗೊಂಬೆಗಳ ಸೈನ್ಯದಿಂದ ಆಡುವ ವಾರ್‌ಹ್ಯಾಮರ್ 40,000ದ ಚಿತ್ರಗಳನ್ನು ನೋಡಿಯೇ ಅನೇಕರು ಈ ಲೋಕಕ್ಕೆ ಬರುತ್ತಾರೆ. ಬಣ್ಣ ಬಳಿದ ಸೈನ್ಯವೊಂದು ಮೇಜಿನ ಮೇಲೆ ನಿಂತ ನೋಟಕ್ಕೆ ಸಾಟಿಯಿಲ್ಲ ಎಂಬುದು ನಿಜ. ಆದರೆ ಪೂರ್ಣ ಸೈನ್ಯ ಕಟ್ಟಲು ಬೇಕಾದ ಹಣ ದೊಡ್ಡದು, ಸಮಯ ಅದಕ್ಕಿಂತ ದೊಡ್ಡದು, ನಿಯಮಗಳ ಆವೃತ್ತಿಯೂ ಕೆಲವು ವರ್ಷಗಳಿಗೊಮ್ಮೆ ಬದಲಾಗುತ್ತದೆ. ಬಣ್ಣ ಹಚ್ಚುವ ಕೆಲಸ ನಿಮಗೆ ಇಷ್ಟವೋ ಇಲ್ಲವೋ ಎಂಬುದನ್ನು ಮೊದಲು ತಿಳಿದುಕೊಳ್ಳಿ, ಇಷ್ಟವಿಲ್ಲದಿದ್ದರೆ ಈ ಕವಲಿಗೆ ಬರಲೇಬೇಡಿ. ಒಂದು ಸಣ್ಣ ತಂಡವನ್ನಷ್ಟೇ ಕೊಂಡು, ಹತ್ತಾಳಿನೊಳಗಿನ ಕಾದಾಟಗಳ ಆಟವನ್ನು ಆಡಿ ನೋಡಬಹುದು. ಒನ್ ಪೇಜ್ ರೂಲ್ಸ್ ಸಂಸ್ಥೆಯ ನಿಯಮಗಳ ಮೂಲ ರೂಪ ಉಚಿತವಾಗಿ ಸಿಗುತ್ತದೆ, ಯಾವ ಕಂಪನಿಯ ಗೊಂಬೆಗಳನ್ನಿಟ್ಟರೂ, ದಪ್ಪ ಕಾಗದದಲ್ಲಿ ಕತ್ತರಿಸಿದ ಆಕೃತಿಗಳನ್ನಿಟ್ಟರೂ ಅದು ನಡೆಯುತ್ತದೆ.

ಬಣ್ಣದ ಕೆಲಸದಲ್ಲಿ ಎಡವುವುದು ಹೆಚ್ಚಾಗಿ ಪ್ರೈಮರ್ ಹಂತದಲ್ಲಿ, ಅಂದರೆ ಬಣ್ಣ ಹಿಡಿಯಲೆಂದು ಮೊದಲು ಕೊಡುವ ಲೇಪದಲ್ಲಿ. ಭಾಗಗಳನ್ನು ಚೌಕಟ್ಟಿನಿಂದ ಕತ್ತರಿಸಿ, ಅಚ್ಚಿನ ಗೆರೆಗಳನ್ನು ಬ್ಲೇಡಿನ ಬೆನ್ನಿನಿಂದ ಕೆರೆದು, ಅಂಟಿಸಿದ ಮೇಲೆ ಸ್ಪ್ರೇ ಪ್ರೈಮರ್ ಹೊಡೆಯುವುದು ರೂಢಿ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಪ್ರೈಮರ್ ನುಣುಪಾಗಿ ಕೂರದೆ ಮರಳು ಮರಳಾಗಿ, ಮುಖದ ಸೂಕ್ಷ್ಮ ಗೆರೆಗಳೆಲ್ಲ ಮುಚ್ಚಿಹೋಗುತ್ತವೆ. ಕರಾವಳಿ, ಮಲೆನಾಡುಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸ್ಪ್ರೇ ಡಬ್ಬಿಯನ್ನು ಒಳಗಿಟ್ಟು, ಬ್ರಷ್‌ನಿಂದ ಬಳಿಯುವ ಅಕ್ರಿಲಿಕ್ ಪ್ರೈಮರ್ ಬಳಸುವುದು ಸುರಕ್ಷಿತ. ಅದರ ಮೇಲೆ ಮೂಲಬಣ್ಣವನ್ನು ನೀರು ಬೆರೆಸಿ ತೆಳುವಾಗಿ ಎರಡು ಕೈ ಬಳಿಯಿರಿ, ಒಂದೇ ದಪ್ಪ ಕೈ ಬೇಡ. ಬಳಿಕ ಮಡಿಕೆಗಳಿಗೆ ಇಳಿದು ನೆರಳು ತೋರುವ ತೆಳು ಗಾಢ ಬಣ್ಣವನ್ನು ಹರಿಯಬಿಟ್ಟು, ಅದು ಪೂರ್ತಿ ಒಣಗಿದ ಮೇಲೆ, ಬಹುಪಾಲು ಒರೆಸಿದ ಒಣ ಬ್ರಷ್‌ನಿಂದ ಉಬ್ಬುಗಳ ಮೇಲೆ ತಿಳಿಬಣ್ಣವನ್ನು ಸವರಿದರೆ ಒಂದು ತೋಳಳತೆ ದೂರದಿಂದ ನೋಡಲು ಸಾಕಷ್ಟು ಚೆನ್ನಾದ ಸೈನಿಕ ಸಿದ್ಧ.

ಐದನೆಯ ಹೆಜ್ಜೆ: ಆರ್‌ಪಿಜಿ ಆರಿಸುವುದು

ಆರ್‌ಪಿಜಿ ಎಂದರೆ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಎಂಬ ಭಾವನೆ ವ್ಯಾಪಕವಾಗಿದೆ. ಅದರ ದೊಡ್ಡ ಅನುಕೂಲವೆಂದರೆ ಬೆಂಗಳೂರಿನಲ್ಲಾಗಲಿ ನ್ಯೂಜೆರ್ಸಿಯಲ್ಲಾಗಲಿ ಜೊತೆಗಾರರು ಬೇಗ ಸಿಗುತ್ತಾರೆ, ಅದರ ಮೂಲ ನಿಯಮಗಳನ್ನು 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಡುಗಡೆ ಮಾಡಿರುವುದರಿಂದ ಖರ್ಚಿಲ್ಲದೆ ಓದಬಹುದು. ಆಟದ ತಿರುಳು ಇಷ್ಟೇ: ಇಪ್ಪತ್ತು ಮುಖದ ದಾಳ ಉರುಳಿಸಿ, ಪಾತ್ರದ ಸಾಮರ್ಥ್ಯದ ಅಂಕ ಕೂಡಿಸಿ, ಗುರಿ ಮುಟ್ಟಿದರೆ ಗೆಲುವು. ಕೂಡಿಕೆ 5 ಇರುವ ವೀರ, ರಕ್ಷಣಾಂಕ 15 ಇರುವ ಶತ್ರುವನ್ನು ಹೊಡೆಯಬೇಕಾದರೆ ದಾಳದಲ್ಲಿ 10 ಅಥವಾ ಹೆಚ್ಚಿನ ಗರ ಬೀಳಬೇಕು, ಅಂದರೆ ನೂರಕ್ಕೆ 55. ಪರಿಸ್ಥಿತಿ ಅವನಿಗೆ ಅನುಕೂಲವಾಗಿದ್ದರೆ ಎರಡು ದಾಳ ಉರುಳಿಸಿ ಹೆಚ್ಚಿನದನ್ನು ಇಟ್ಟುಕೊಳ್ಳಬಹುದು, ಆಗ ಸಾಧ್ಯತೆ ಸುಮಾರು ನೂರಕ್ಕೆ 80. ತೊಡಕಿರುವುದು ಇದರಾಚೆಗಿನ ಮಂತ್ರಗಳ ಪಟ್ಟಿ, ವರ್ಗಗಳು, ಹಂತಗಳಲ್ಲಿ. ಮೊದಲ ಸಂಜೆ ಪಾತ್ರ ರಚಿಸುವುದರಲ್ಲೇ ಕಳೆದುಹೋಗುವುದುಂಟು.

ಅದಕ್ಕೇ ಹೊಸ ಗುಂಪಿಗೆ ನನ್ನ ಮೊದಲ ಶಿಫಾರಸು ಕೇರ್ನ್. ಯೊಖಾಯ್ ಗಾಲ್ ರಚಿಸಿದ ಈ ಆಟದ ಮೊದಲ ಆವೃತ್ತಿ 2020ರದ್ದು, ಉಚಿತ, ಕೆಲವೇ ಪುಟಗಳದ್ದು. ಶಕ್ತಿ, ಚುರುಕು, ಮನೋಬಲ ಎಂಬ ಮೂರೇ ಗುಣಗಳು. ಪ್ರತಿಯೊಂದಕ್ಕೂ ಮೂರು ಸಾಮಾನ್ಯ ದಾಳ ಉರುಳಿಸಿ ಕೂಡಿಸಬೇಕು, ಬೇಕಾದರೆ ಎರಡನ್ನು ಅದಲುಬದಲು ಮಾಡಿಕೊಳ್ಳಬಹುದು. ಅಪಾಯದ ಸಂದರ್ಭದಲ್ಲಿ ಇಪ್ಪತ್ತು ಮುಖದ ದಾಳ ಉರುಳಿಸಿ ಆ ಗುಣದ ಅಂಕದಷ್ಟು ಅಥವಾ ಅದಕ್ಕಿಂತ ಕಡಿಮೆ ಬಿದ್ದರೆ ಪಾರು. ಕಾದಾಟದಲ್ಲಿ ಏಟು ತಗುಲಿತೋ ಇಲ್ಲವೋ ಎಂಬ ದಾಳವೇ ಇಲ್ಲ, ಬೀಸಿದ ಏಟು ತಗುಲಿಯೇ ತೀರುತ್ತದೆ, ಎಷ್ಟು ಪೆಟ್ಟು ಎಂಬುದಷ್ಟೇ ಪ್ರಶ್ನೆ. ಹಾಗಾಗಿ ಕತ್ತಿ ಹಿರಿಯುವ ಮುನ್ನ ಆಟಗಾರರು ಎರಡು ಸಲ ಯೋಚಿಸುತ್ತಾರೆ, ಮಾತಾಡಿ ನೋಡುತ್ತಾರೆ, ಉಪಾಯ ಹೂಡುತ್ತಾರೆ. ಹೊತ್ತುಕೊಳ್ಳಲು ಹತ್ತೇ ಜಾಗಗಳು. ದಣಿವಾದರೆ ಅದೂ ಒಂದು ಜಾಗ ಹಿಡಿಯುತ್ತದೆ. ಹಗ್ಗ ಬಿಡಬೇಕೋ ಬುತ್ತಿ ಬಿಡಬೇಕೋ ಎಂಬ ಚರ್ಚೆಯೇ ಅರ್ಧ ಕಥೆಯಾಗಿಬಿಡುತ್ತದೆ.

ಭಯದ ಕಥೆಗಳ ರುಚಿಯಿದ್ದವರಿಗೆ ಕಾಲ್ ಆಫ್ ಕ್ತುಲು ಇದೆ. ಸ್ಯಾಂಡಿ ಪೀಟರ್ಸನ್ ರಚಿಸಿ ಕೇಯಾಸಿಯಂ ಸಂಸ್ಥೆ 1981ರಲ್ಲಿ ಪ್ರಕಟಿಸಿದ ಇದರಲ್ಲಿ ಪಾತ್ರಗಳು ಗ್ರಂಥಪಾಲಕರು, ಪತ್ರಕರ್ತರು, ವೈದ್ಯರು. ಪ್ರತಿ ಕೌಶಲವೂ ನೂರಕ್ಕೆ ಇಷ್ಟು ಎಂದು ನೇರವಾಗಿ ಬರೆದಿರುವುದರಿಂದ ಗಣಿತ ವಿವರಿಸಬೇಕಾಗಿಲ್ಲ. ಪಾತ್ರದ ಮನಸ್ಸಿನ ಸ್ಥಿಮಿತವೂ ಒಂದು ಅಂಕವಾಗಿದ್ದು, ಕಾಣಬಾರದ್ದನ್ನು ಕಂಡಾಗಲೆಲ್ಲ ಕರಗುತ್ತದೆ. ಉಚಿತವಾಗಿ ಸಿಗುವ ಇದರ ಆರಂಭಿಕ ಕೈಪಿಡಿಯಲ್ಲೇ ಬಾಸ್ಟನ್ನಿನ ಒಂದು ಮನೆಯ ಕುರಿತ ಪೂರ್ಣ ಸಾಹಸವಿದೆ, ಒಂದು ಸಂಜೆಗೆ ಸಾಕು. ಅರ್ಧ ಗಂಟೆಯ ಸಿದ್ಧತೆಗೂ ಬಿಡುವಿಲ್ಲದವರು ಜಾನ್ ಹಾರ್ಪರ್ ರಚಿಸಿದ, ಒಂದೇ ಪುಟದ ಲೇಸರ್ಸ್ ಆ್ಯಂಡ್ ಫೀಲಿಂಗ್ಸ್ ನೋಡಬಹುದು. ಎರಡರಿಂದ ಐದರೊಳಗಿನ ಒಂದೇ ಅಂಕ ಇಡೀ ಪಾತ್ರ: ಯಂತ್ರ, ತರ್ಕದ ಕೆಲಸಕ್ಕೆ ಅದಕ್ಕಿಂತ ಕಡಿಮೆ ಗರ ಬೀಳಬೇಕು, ಮಾತು, ಭಾವನೆಯ ಕೆಲಸಕ್ಕೆ ಹೆಚ್ಚು.

ಆರನೆಯ ಹೆಜ್ಜೆ: ಮೊದಲ ಕೂಟವನ್ನು ನಡೆಸುವುದು

ಗೇಮ್ ಮಾಸ್ಟರ್ ಆಗುವವರು ಕಥೆ ಬರೆದಿಟ್ಟುಕೊಳ್ಳಬಾರದು. ಆಟಗಾರರು ಆ ಕಥೆಯನ್ನು ಮೊದಲ ಹತ್ತು ನಿಮಿಷದಲ್ಲೇ ಬಿಟ್ಟು ಬೇರೆಡೆಗೆ ನಡೆಯುತ್ತಾರೆ. ಬರೆದಿಟ್ಟುಕೊಳ್ಳಬೇಕಾದದ್ದು ಒಂದು ಸ್ಥಳ, ಅಲ್ಲಿ ಏನನ್ನೋ ಬಯಸುವ ಇಬ್ಬರು ಮೂವರು ಜನ, ಯಾರೂ ಅಡ್ಡ ಬಾರದಿದ್ದರೆ ಅಲ್ಲಿ ಏನಾಗುತ್ತದೆ ಎಂಬ ಒಂದು ಸಾಲು, ಇಷ್ಟೇ. ಉದಾಹರಣೆಗೆ: ಘಟ್ಟದ ಕೆಳಗಿನ ಊರು, ನಾಳೆ ತೇರು, ಉತ್ಸವ ಮೂರ್ತಿ ಕಾಣೆಯಾಗಿದೆ. ಮೂರ್ತಿಯನ್ನು ಸಾಗಿಸಿದವರು ಕಾಡಂಚಿನ ಗಾಣದ ಮನೆಯಲ್ಲಿದ್ದಾರೆ, ಬೆಳಗಾಗುವುದರೊಳಗೆ ಹೊಳೆ ದಾಟುತ್ತಾರೆ. ಪಟೇಲರಿಗೆ ಮೂರ್ತಿಗಿಂತ ಊರಿನ ಮರ್ಯಾದೆ ಮುಖ್ಯ, ಅರ್ಚಕರ ಮಗನಿಗೆ ಬೇರೆಯದೇ ಹೆದರಿಕೆ.

ಯಾವಾಗ ದಾಳ ಉರುಳಿಸಬೇಕು ಎಂಬುದೇ ಹೊಸ ಗೇಮ್ ಮಾಸ್ಟರ್‌ಗಳನ್ನು ಕಾಡುವ ಪ್ರಶ್ನೆ. ಕೇರ್ನ್ ನಿಯಮದಲ್ಲಿ ಮೇಲಿನ ಸನ್ನಿವೇಶ ಮೇಜಿನ ಮೇಲೆ ಹೀಗೆ ಸಾಗಬಹುದು.

"ಅಕ್ಕ, ಗಾಣದ ಮನೆಯ ಕಿಟಕಿಯಿಂದ ಒಳಗೆ ಇಣುಕಬಹುದಾ?"

"ಇಣುಕು, ಅದಕ್ಕೆ ದಾಳ ಬೇಡ. ಒಳಗೆ ಮೂವರಿದ್ದಾರೆ, ಇಬ್ಬರು ನಿದ್ದೆ, ಒಬ್ಬ ಬೆಂಕಿ ಕಾಯಿಸುತ್ತಾ ಕೂತಿದ್ದಾನೆ. ಗೋಣಿಯಲ್ಲಿ ಸುತ್ತಿದ್ದು ಏನೋ ಅವನ ಬೆನ್ನ ಹಿಂದಿದೆ."

"ಹಿಂಬಾಗಿಲಿಂದ ನುಸುಳಿ ಗೋಣಿ ಎಳ್ಕೊಂಡು ಬರ್ತೀನಿ."

"ನುಸುಳಬಹುದು. ಆದರೆ ಮೂರ್ತಿ ಕಂಚಿನದು, ಕಲ್ಲುನೆಲಕ್ಕೆ ತಾಗಿದರೆ ಸದ್ದಾಗುತ್ತೆ. ಚುರುಕಿನ ಮೇಲೆ ದಾಳ ಹಾಕು. ತಪ್ಪಿದರೆ ಅವನು ಎಚ್ಚರಿಕೆಯಿಂದ ತಿರುಗಿ ನೋಡ್ತಾನೆ, ಮೂರ್ತಿ ಆಗ ನಿನ್ನ ಕೈಯಲ್ಲೇ ಇರುತ್ತೆ. ಸರೀನಾ?"

"ನನ್ನ ಚುರುಕು ಒಂಬತ್ತೇ ಅಲ್ವಾ... ತಾಳಿ, ನೆಲಕ್ಕೆ ಮೊದಲು ನನ್ನ ಕಂಬಳಿ ಹಾಸ್ತೀನಿ."

"ಹಾಸಿದೆಯಾ? ಹಾಗಾದರೆ ದಾಳ ಬೇಡ. ಕಂಬಳಿ ಮಾತ್ರ ಅಲ್ಲೇ ಉಳೀತು, ಬೆಳಗ್ಗೆ ಅದನ್ನ ಅವರು ಗುರುತು ಹಿಡೀತಾರೆ."

ನೋಡುವುದಕ್ಕೆ ದಾಳ ಕೇಳಲಿಲ್ಲ, ಏಕೆಂದರೆ ಅಲ್ಲಿ ಅಪಾಯವಿರಲಿಲ್ಲ. ಅಪಾಯ ಬಂದಾಗ ಸೋತರೆ ಏನಾಗುತ್ತದೆ ಎಂಬುದನ್ನು ದಾಳಕ್ಕೆ ಮೊದಲೇ ಹೇಳಿದ್ದರಿಂದ, ನೂರಕ್ಕೆ 45ರ ಸಾಧ್ಯತೆಯನ್ನು ನೆಚ್ಚಬೇಕೋ ಬೇಡವೋ ಎಂದು ಯೋಚಿಸಲು ಆಟಗಾರ್ತಿಗೆ ಅವಕಾಶ ಸಿಕ್ಕಿತು. ಅವಳು ಉಪಾಯ ಹೂಡಿದಾಗ ಗೇಮ್ ಮಾಸ್ಟರ್ ಅದನ್ನು ಒಪ್ಪಿ, ಬದಲಿಗೆ ಒಂದು ಬೆಲೆ ಕೇಳಿದಳು. ಈ ಮೂರು ಅಭ್ಯಾಸಗಳು ಕೈಗೂಡಿದರೆ ನಿಯಮ ಮರೆತರೂ ಕೂಟ ಕೆಡುವುದಿಲ್ಲ. ಇನ್ನೊಂದು ಮಾತು: ನಿಯಮ ಪುಸ್ತಕ ಇಂಗ್ಲಿಷಿನಲ್ಲಿದೆ ಎಂದು ಮೇಜಿನ ಮಾತನ್ನೂ ಇಂಗ್ಲಿಷಿಗೆ ತಿರುಗಿಸಬೇಕಿಲ್ಲ. ಪಟೇಲರು ಒಂದು ಬಗೆಯ ಕನ್ನಡ, ಗಾಣದವನು ಇನ್ನೊಂದು ಬಗೆಯ ಕನ್ನಡ ಆಡಿದ ಕೂಡಲೇ ಪಾತ್ರಗಳಿಗೆ ಜೀವ ಬರುತ್ತದೆ, ಅಭಿನಯಕ್ಕೆ ಸಂಕೋಚಪಡುವವರೂ ಬಾಯಿ ಬಿಡುತ್ತಾರೆ.

ಆಟ ಶುರುವಾಗುವ ಮುನ್ನ ಯಾವ ವಿಷಯಗಳು ಕಥೆಯಲ್ಲಿ ಬರಲೇಬಾರದು ಎಂದು ಎಲ್ಲರನ್ನೂ ಕೇಳಿಬಿಡಿ. ಮಕ್ಕಳ ಮೇಲಿನ ಹಿಂಸೆ, ಇತ್ತೀಚೆಗೆ ಮನೆಯಲ್ಲಿ ಸಂಭವಿಸಿದ ಸಾವನ್ನು ನೆನಪಿಸುವ ಸಂಗತಿ, ಏನೇ ಇರಲಿ, ಕಾರಣ ಕೇಳದೆ ಬಿಟ್ಟುಬಿಡಬೇಕು. ಇದಕ್ಕೆ ಐದು ನಿಮಿಷ ಸಾಕು.

ಏಳನೆಯ ಹೆಜ್ಜೆ: ಈಗ ಕೊಳ್ಳುವುದು

ಇಲ್ಲಿಗೆ ಬರುವ ಹೊತ್ತಿಗೆ ನಿಮಗೆ ಏನು ಬೇಕೆಂದು ಗೊತ್ತಾಗಿರುತ್ತದೆ. ಇಂಥ ಆಟಗಳಲ್ಲಿ ಹೆಚ್ಚಿನವು ಹೊರದೇಶದಿಂದ ಬರಬೇಕಾದ್ದರಿಂದ ಸಾಗಣೆ ವೆಚ್ಚ, ಸುಂಕ ಎಲ್ಲ ಸೇರಿ ಮೂಲಬೆಲೆಯನ್ನು ಬಹಳ ಮೀರುತ್ತವೆ. ತೂಕದ ಡಬ್ಬಗಳಿಗೆ ಇದು ಇನ್ನೂ ಹೆಚ್ಚು. ಆದ್ದರಿಂದ ವಾರ್ ಗೇಮ್‌ಗಳನ್ನು ಮೊದಲು ಗಣಕದಲ್ಲಿ ಆಡಿ ನೋಡುವುದು ಜಾಣತನ. ವ್ಯಾಸಲ್ ಎಂಬ ಉಚಿತ ತಂತ್ರಾಂಶದಲ್ಲಿ ನೂರಾರು ವಾರ್ ಗೇಮ್‌ಗಳ ಮಣೆ, ಕಾಯಿಗಳು ಸಿಗುತ್ತವೆ. ರ‍್ಯಾಲಿ ದ ಟ್ರೂಪ್ಸ್ ತಾಣದಲ್ಲಿ ಪಾತ್ಸ್ ಆಫ್ ಗ್ಲೋರಿಯಂಥ ಆಟಗಳನ್ನು ಬಿಡುವಾದಾಗ ಒಂದೊಂದು ಸರದಿಯಂತೆ ದಿನಗಟ್ಟಲೆ ಆಡಬಹುದು, ನಿಯಮ ತಪ್ಪದಂತೆ ತಾಣವೇ ನೋಡಿಕೊಳ್ಳುತ್ತದೆ. ಜಿಎಂಟಿ ಗೇಮ್ಸ್ ತನ್ನ ನಿಯಮ ಪುಸ್ತಕಗಳನ್ನು ಉಚಿತವಾಗಿ ಓದಲು ಇಟ್ಟಿದೆ, ಹತ್ತು ಪುಟ ಓದಿದರೆ ಆ ಆಟ ನಿಮ್ಮದೋ ಅಲ್ಲವೋ ತಿಳಿಯುತ್ತದೆ. ಊರೂರು ಚದುರಿದ ಗೆಳೆಯರೊಂದಿಗೆ ಆರ್‌ಪಿಜಿ ಆಡಲು ಒಂದು ವಿಡಿಯೊ ಕರೆ ಸಾಕು. ನಕ್ಷೆ ಬೇಕಾದವರಿಗೆ ರೋಲ್20 ಎಂಬ ಜಾಲತಾಣವಿದೆ, ದುಬೈನಲ್ಲಿರುವ ತಮ್ಮನನ್ನೂ ಧಾರವಾಡದ ಅತ್ತಿಗೆಯನ್ನೂ ಒಂದೇ ಮೇಜಿಗೆ ತರಲು ಸಮಯದ ಹೊಂದಾಣಿಕೆಯೊಂದೇ ಕಷ್ಟ.

ಒಬ್ಬರು ಬಳಸಿದ ಆಟವನ್ನು ಕೊಳ್ಳುವಾಗ ಕೌಂಟರ್, ಕಾರ್ಡ್‌ಗಳನ್ನು ನಿಯಮ ಪುಸ್ತಕದಲ್ಲಿರುವ ಪಟ್ಟಿಯೊಂದಿಗೆ ಎಣಿಸಿ ನೋಡಿ. ಒಂದು ಕಾರ್ಡ್ ಇಲ್ಲದ ಟ್ವೈಲೈಟ್ ಸ್ಟ್ರಗಲ್ ಕಾಗದದ ಕಂತೆ ಮಾತ್ರ. ಮಳೆಗಾಲದಲ್ಲಿ ರಟ್ಟಿನ ಮಣೆ ಬಾಗುತ್ತದೆ, ಬೂಷ್ಟು ಹಿಡಿಯುತ್ತದೆ. ಡಬ್ಬದೊಳಗೆ ಸಿಲಿಕಾ ಜೆಲ್ ಪೊಟ್ಟಣಗಳನ್ನಿಟ್ಟು, ಗೋಡೆಗೆ ತಾಗದ ಕಪಾಟಿನಲ್ಲಿ ಮಲಗಿಸಿಡಿ. ಪದೇ ಪದೇ ಕಲಸುವ ಕಾರ್ಡ್‌ಗಳಿಗೆ ಪ್ಲಾಸ್ಟಿಕ್ ಕವಚ ಹಾಕಿ.

ಎಂಟನೆಯ ಹೆಜ್ಜೆ, ಆಸಕ್ತರಿಗೆ ಮಾತ್ರ: ಸ್ವಂತ ಸನ್ನಿವೇಶ

ನಿಯಮ ಕರಗತವಾದ ಮೇಲೆ ನಮ್ಮ ನೆಲದ ಯುದ್ಧವೊಂದನ್ನು ಅದೇ ಸಾಮಗ್ರಿಯಿಂದ ಕಟ್ಟಿ ನೋಡುವ ಆಸೆ ಸಹಜ. 1565ರ ಜನವರಿಯಲ್ಲಿ ನಡೆದ ತಾಳಿಕೋಟೆ ಯುದ್ಧ ಇದಕ್ಕೆ ಒಳ್ಳೆಯ ವಿಷಯ. ರಕ್ಕಸಗಿ ತಂಗಡಗಿ ಎಂದೂ ಕರೆಯಲಾಗುವ ಆ ಕದನದಲ್ಲಿ ಬಿಜಾಪುರ, ಅಹಮದ್‌ನಗರ, ಗೋಲ್ಕೊಂಡ, ಬೀದರ್‌ಗಳ ಕೂಡುಪಡೆ ರಾಮರಾಯನ ಸೈನ್ಯವನ್ನು ಕೃಷ್ಣೆಯ ಬಳಿ ಎದುರಿಸಿತು. ಕಮಾಂಡ್ಸ್ ಆ್ಯಂಡ್ ಕಲರ್ಸ್: ಏನ್ಷಿಯಂಟ್ಸ್‌ನ ಆನೆ, ಕುದುರೆ, ಕಾಲಾಳುಗಳು ವಿಜಯನಗರಕ್ಕೆ ಹೊಂದುತ್ತವೆ. ಎದುರು ಪಕ್ಷದ ನಡುಭಾಗಕ್ಕೆ ಅಹಮದ್‌ನಗರದ ಫಿರಂಗಿಗಳನ್ನು ಮೆಮೊಯರ್‌ನಿಂದ ಎರವಲು ತರಬೇಕು, ಗುಂಡು ಮುಟ್ಟುವ ದೂರವನ್ನು ಮಾತ್ರ ಆರು ಮನೆಯಿಂದ ಮೂರಕ್ಕೆ ಇಳಿಸಿ. ಎರಡು ಕಡೆಗೂ ಒಂದೇ ಗೆಲುವಿನ ಷರತ್ತು ಇಟ್ಟರೆ ಚರಿತ್ರೆಯ ತಿರುವು ಆಟದಲ್ಲಿ ಕಾಣುವುದಿಲ್ಲ. ರಾಮರಾಯ ಸೆರೆಸಿಕ್ಕು ಹತನಾದ ಮೇಲೆ ದೊಡ್ಡ ಸೈನ್ಯವೇ ಚದುರಿತಾದ್ದರಿಂದ, ಅವನ ಕಾಯಿ ಬಿದ್ದರೆ ಸುಲ್ತಾನರ ಕಡೆಗೆ ಮೂರು ಗೆಲುವಿನ ಅಂಕ ಕೊಡಿ, ಅವನನ್ನು ಹಿಂದೆ ಇಟ್ಟುಕೊಂಡರೆ ವಿಜಯನಗರಕ್ಕೆ ಪ್ರತಿ ಸರದಿಯಲ್ಲೂ ಒಂದು ದಳಕ್ಕೆ ಕಡಿಮೆ ಅಪ್ಪಣೆ. ಆಗ ರಾಮರಾಯನನ್ನು ಮುಂದೆ ತರುವ ಆಸೆ, ಹಿಂದಿಡುವ ಭಯ ಎರಡೂ ಹುಟ್ಟುತ್ತವೆ. ವಿಜಯನಗರದ ಇಬ್ಬರು ಸೇನಾನಿಗಳು ನಡುವೆ ಪಕ್ಷ ಬದಲಿಸಿದರೆಂಬ ಮಾತನ್ನು ಇತಿಹಾಸಕಾರರೆಲ್ಲ ಒಂದೇ ಬಗೆಯಾಗಿ ಒಪ್ಪುವುದಿಲ್ಲ. ಅದನ್ನು ಸೇರಿಸುವುದಾದರೆ ಐಚ್ಛಿಕ ನಿಯಮವಾಗಿರಲಿ: ಆರನೆಯ ಸರದಿಯ ಬಳಿಕ ಒಂದು ದಾಳ, ಆರು ಬಿದ್ದರೆ ಮಾತ್ರ ಒಂದು ದಳ ಆ ಕಡೆಗೆ. ಪಕ್ಷ ಅದಲುಬದಲು ಮಾಡಿಕೊಂಡು ಎರಡು ಸಲ ಆಡಿ, ಎರಡು ಸಲವೂ ಒಂದೇ ಕಡೆ ಏಕಪಕ್ಷೀಯವಾಗಿ ಗೆದ್ದರೆ ಮೊದಲು ಫಿರಂಗಿಗಳ ಸಂಖ್ಯೆಯನ್ನು ತಿದ್ದಿ, ದಳಗಳ ಸಂಖ್ಯೆಯನ್ನು ಆಮೇಲೆ ಮುಟ್ಟಿ.